ಡೇಟನ್ನಿನ ಕಟಕಟೆಯಲ್ಲಿ ಒಂದು ಪಠ್ಯಪುಸ್ತಕ

1925ರ ಮೇ ತಿಂಗಳು. ಅಮೆರಿಕದ ಟೆನೆಸಿ ರಾಜ್ಯದ ಡೇಟನ್ ಎಂಬ ಸಣ್ಣ ಊರಿನ ಔಷಧಿ ಅಂಗಡಿಗೆ ಶಾಲೆಯ ಮೇಷ್ಟ್ರು ಜಾನ್ ಸ್ಕೋಪ್ಸ್ ಅವರನ್ನು ಟೆನಿಸ್ ಆಟದ ನಡುವೆಯೇ ಕರೆಸಿಕೊಂಡರು. ಅಂಗಡಿಯ ಮಾಲೀಕ ಎಫ್. ಇ. ರಾಬಿನ್ಸನ್ ಶಾಲಾ ಮಂಡಳಿಯ ಅಧ್ಯಕ್ಷರೂ ಹೌದು. ಔಷಧಿಯ ಜೊತೆಗೆ ಪಠ್ಯಪುಸ್ತಕಗಳನ್ನೂ ಮಾರುತ್ತಿದ್ದರು. ಸ್ಕೋಪ್ಸ್ ಕಪಾಟಿನಿಂದ ಜಾರ್ಜ್ ಹಂಟರ್ ಬರೆದ 'ಸಿವಿಕ್ ಬಯಾಲಜಿ'ಯನ್ನು ತೆಗೆದು ತೋರಿಸಿದರು. ಅದರಲ್ಲಿ ಡಾರ್ವಿನ್ ಇದ್ದ, ಜೀವವಿಕಾಸವೂ ಇತ್ತು.

ಇದಕ್ಕೆ ಎರಡು ತಿಂಗಳ ಹಿಂದಷ್ಟೇ, ಜಾನ್ ಬಟ್ಲರ್ ಎಂಬ ರೈತ ಶಾಸಕರು ಮಂಡಿಸಿದ ಮಸೂದೆ ಕಾನೂನಾಗಿತ್ತು. ಬೈಬಲಿನ ಸೃಷ್ಟಿಕಥೆಯನ್ನು ಅಲ್ಲಗಳೆದು, ಮನುಷ್ಯ ಕೆಳವರ್ಗದ ಪ್ರಾಣಿಗಳಿಂದ ಬಂದವನೆಂದು ಸರ್ಕಾರಿ ಶಾಲೆಯಲ್ಲಿ ಕಲಿಸಿದರೆ 100ರಿಂದ 500 ಡಾಲರ್ ದಂಡ. ಆದರೆ ಹಂಟರ್ ಪುಸ್ತಕಕ್ಕೆ ಮನ್ನಣೆ ಕೊಟ್ಟದ್ದೂ ಅದೇ ಟೆನೆಸಿ ಸರ್ಕಾರ! ಪಾಠ ಮಾಡಿದರೆ ಅಪರಾಧಿ, ಬಿಟ್ಟರೆ ಕರ್ತವ್ಯಲೋಪ. ಮೇಷ್ಟ್ರು ಏನು ಮಾಡಬೇಕಿತ್ತು? ಈ ಕಾನೂನನ್ನು ಪ್ರಶ್ನಿಸುವ ಶಿಕ್ಷಕರ ಪರವಾಗಿ ವಾದಿಸುವುದಾಗಿ ನಾಗರಿಕ ಹಕ್ಕುಗಳ ಸಂಘವೊಂದು ಪತ್ರಿಕೆಗಳಲ್ಲಿ ಪ್ರಕಟಿಸಿತ್ತು. ಮೊಕದ್ದಮೆ ನಡೆದರೆ ಊರಿಗೆ ಹೆಸರು ಬರುತ್ತದೆಂದು ಡೇಟನ್ನಿನ ಮುಖಂಡರು ಲೆಕ್ಕ ಹಾಕಿದರು. ಸ್ಕೋಪ್ಸ್ ಒಪ್ಪಿಕೊಂಡರು.

ಜುಲೈ 10ರಂದು ವಿಚಾರಣೆ ಶುರುವಾಯಿತು. ಷಿಕಾಗೋದ ರೇಡಿಯೋ ಕೇಂದ್ರವೊಂದು ಕಲಾಪವನ್ನು ನೇರ ಪ್ರಸಾರ ಮಾಡಿತು. ಸರ್ಕಾರದ ಪರ ಮೂರು ಬಾರಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯನ್. ಮೇಷ್ಟ್ರ ಪರ ಹೆಸರಾಂತ ವಕೀಲ ಕ್ಲಾರೆನ್ಸ್ ಡ್ಯಾರೋ. ಪುಸ್ತಕದ ಒಂದು ಚಿತ್ರ ಬ್ರಯನ್‌ರನ್ನು ಕೆರಳಿಸಿತ್ತು. ಜೀವಿಗಳನ್ನು ವೃತ್ತಗಳಾಗಿ ಬರೆದ ವಿಕಾಸದ ಮರವದು. 3,500 ಸಸ್ತನಿಗಳಿಗೆಲ್ಲ ಸೇರಿ ಒಂದು ಪುಟ್ಟ ವೃತ್ತ. ಮನುಷ್ಯನಿಗೆ ಅದರೊಳಗೇ ಜಾಗ, ಪ್ರತ್ಯೇಕ ವೃತ್ತವಿಲ್ಲ.

ಬ್ರಯನ್‌ರನ್ನು ಬರೀ ಮೂಢರೆಂದು ತಳ್ಳಿಹಾಕುವುದು ಅನ್ಯಾಯ. ಬಲಿಷ್ಠನೇ ಉಳಿಯಬೇಕೆಂಬ ಮಾತು ಯುದ್ಧಕ್ಕೆ, ಬಡವರ ಶೋಷಣೆಗೆ ನೆಪವಾಗುತ್ತಿದೆ ಎಂಬ ಅವರ ಭಯಕ್ಕೆ ಆಧಾರವಿತ್ತು. ಹಂಟರ್ ಪುಸ್ತಕವೇ ಬಿಳಿಯರನ್ನು ಎಲ್ಲರಿಗಿಂತ ಮೇಲಿಟ್ಟಿತ್ತು, 'ದೋಷವಿರುವ' ಕುಟುಂಬಗಳ ಸಂತಾನ ತಡೆಯಬೇಕೆಂದು ಮಕ್ಕಳಿಗೆ ಹೇಳುತ್ತಿತ್ತು. ಇವು ವಿಕಾಸದ ಸಾಕ್ಷ್ಯದಿಂದ ಹುಟ್ಟಿದ ಮಾತುಗಳಲ್ಲ, ಆ ಕಾಲದ ಪೂರ್ವಗ್ರಹಗಳು. ಬ್ರಯನ್ ಎಡವಿದ್ದು ಇಲ್ಲೇ: ತಪ್ಪಾಗಿ ಬಳಸುವವರನ್ನು ಎದುರಿಸುವ ಬದಲು ವಿಜ್ಞಾನವನ್ನೇ ತರಗತಿಯಿಂದ ಹೊರಗಿಡಹೊರಟರು.

ವಿಜ್ಞಾನಿಗಳ ಸಾಕ್ಷ್ಯವನ್ನು ಜ್ಯೂರಿಯ ಮುಂದೆ ಇಡಲು ನ್ಯಾಯಾಧೀಶ ರಾಲ್ಸ್‌ಟನ್ ಬಿಡಲಿಲ್ಲ. ಆಗ ಡ್ಯಾರೋ ಬೈಬಲ್ ಬಲ್ಲವರೆಂದು ಬ್ರಯನ್‌ರನ್ನೇ ಸಾಕ್ಷಿಗೆ ಕರೆದರು. ಜುಲೈ 20ರ ಆ ಮಧ್ಯಾಹ್ನ ಕಲಾಪ ನಡೆದದ್ದು ಕೋರ್ಟಿನ ಹೊರಗೆ, ಹುಲ್ಲುಹಾಸಿನ ಮೇಲೆ. ಯೋನನನ್ನು ನುಂಗಿದ ಮೀನು, ಯೆಹೋಶುವ ನಿಲ್ಲಿಸಿದ ಸೂರ್ಯ, ಭೂಮಿಯ ವಯಸ್ಸು ಎಂದು ಪ್ರಶ್ನೆಗಳ ಸುರಿಮಳೆ. ಸೃಷ್ಟಿಯ ಆರು ದಿನಗಳು ಇಪ್ಪತ್ನಾಲ್ಕು ಗಂಟೆಗಳ ದಿನಗಳೇ ಆಗಿರಬೇಕಿಲ್ಲ ಎಂದು ಬ್ರಯನ್ ಒಪ್ಪಿದರು. ಅಕ್ಷರಶಃ ಓದನ್ನು ಅವರೇ ಸಡಿಲಿಸಿದ ಮೇಲೆ, ಡಾರ್ವಿನ್‌ಗೆ ಮಾತ್ರ ದಂಡವೇಕೆ? ಮರುದಿನ ಈ ಸಾಕ್ಷ್ಯವನ್ನೂ ನ್ಯಾಯಾಧೀಶರು ಕಡತದಿಂದ ತೆಗೆಸಿದರು. ಒಂಬತ್ತು ನಿಮಿಷದಲ್ಲಿ ಜ್ಯೂರಿ ತೀರ್ಮಾನಿಸಿತು: ಸ್ಕೋಪ್ಸ್ ತಪ್ಪಿತಸ್ಥ. ನ್ಯಾಯಾಧೀಶರು 100 ಡಾಲರ್ ದಂಡ ವಿಧಿಸಿದರು. ಐದು ದಿನದ ಮೇಲೆ ಬ್ರಯನ್ ಡೇಟನ್ನಿನಲ್ಲೇ ತೀರಿಕೊಂಡರು.

1927ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು. ಕಾರಣ ವಿಜ್ಞಾನವಲ್ಲ, ದಂಡವನ್ನು ಜ್ಯೂರಿಯ ಬದಲು ನ್ಯಾಯಾಧೀಶರು ನಿಗದಿ ಮಾಡಿದ್ದರು ಎಂಬ ತಾಂತ್ರಿಕ ಲೋಪ. ಕಾನೂನು ಮಾತ್ರ ಹಾಗೇ ಉಳಿಯಿತು. ಗೆದ್ದವರು ಯಾರೆಂದು ಇಂದಿಗೂ ವಾದಿಸುವವರು ಪಠ್ಯಪುಸ್ತಕಗಳನ್ನು ತೆರೆದು ನೋಡಬೇಕು. ಪ್ರಕಾಶಕರು ಮಾರಾಟ ಕೆಡದಿರಲೆಂದು ವಿಕಾಸದ ಪುಟಗಳನ್ನು ಕತ್ತರಿಸಿದರು. ಹಂಟರ್ ಪುಸ್ತಕದ 1926ರ ಆವೃತ್ತಿಯಲ್ಲೇ 'ವಿಕಾಸ' ಎಂಬ ಪದ ಮರೆಯಾಯಿತು. ವಿಕಾಸದ ವಿರೋಧಿಗಳಿಗೆ ಕೋರ್ಟಿನಲ್ಲಿ ಸಿಗದ ಗೆಲುವು ಅಚ್ಚುಮನೆಯಲ್ಲಿ ಸಿಕ್ಕಿತು, ಸದ್ದಿಲ್ಲದೆ, ಒಂದು ಪೀಳಿಗೆಗೂ ಮಿಕ್ಕಿ.

1957ರಲ್ಲಿ ಸೋವಿಯತ್ ಸ್ಪುಟ್ನಿಕ್ ಹಾರಿದಾಗ ಅಮೆರಿಕ ತನ್ನ ವಿಜ್ಞಾನ ಪಾಠಗಳನ್ನು ಗಾಬರಿಯಿಂದ ತಿರುವಿ ನೋಡಿತು. ಅರವತ್ತರ ದಶಕದ ಹೊಸ ಪಠ್ಯಗಳಲ್ಲಿ ವಿಕಾಸ ಮರಳಿತು. ಬಟ್ಲರ್ ಕಾನೂನು ರದ್ದಾದದ್ದು 1967ರಲ್ಲಿ. ನೆರೆಯ ಅರ್ಕನ್ಸಾದಲ್ಲಿ ಅಂಥದೇ ನಿಷೇಧ ಇನ್ನೂ ಇತ್ತು. ಲಿಟ್ಲ್ ರಾಕ್‌ನ ಶಾಲೆ 1965ರಲ್ಲಿ ವಿಕಾಸದ ಅಧ್ಯಾಯವಿದ್ದ ಹೊಸ ಪುಸ್ತಕ ತರಿಸಿದಾಗ ಜೀವಶಾಸ್ತ್ರದ ಶಿಕ್ಷಕಿ ಸೂಸನ್ ಎಪರ್ಸನ್ ಸಿಕ್ಕಿಬಿದ್ದದ್ದು ಸ್ಕೋಪ್ಸ್ ಅವರದೇ ಇಕ್ಕಟ್ಟಿನಲ್ಲಿ. ಅವರು ಕೋರ್ಟಿಗೆ ಹೋದರು. 1968ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ನಿಷೇಧ ಸಂವಿಧಾನಬಾಹಿರವೆಂದು ತೀರ್ಪಿತ್ತಿತು.