ಸೋಲಿನ ಕಾಲದ ಶಿಸ್ತು: ಟೊರೊಂಟೊ ಮೇಪಲ್ ಲೀಫ್ಸ್ ಅಭಿಮಾನಿಗಳ ವಾಗ್ವಾದದಲ್ಲಿ ಪುನರ್ನಿರ್ಮಾಣ ಮತ್ತು ವಸ್ತ್ರಸಂಹಿತೆ

1. ಪ್ರಸ್ತಾವನೆ

ಕ್ರೀಡಾಭಿಮಾನಿಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಎರಡು ಚಿತ್ರಗಳ ನಡುವೆ ಓಡಾಡುತ್ತದೆ. ಒಂದರಲ್ಲಿ ಅವನು ಟಿಕೆಟ್ ಕೊಳ್ಳುವ ಗ್ರಾಹಕ. ಇನ್ನೊಂದರಲ್ಲಿ ಭಾವಾವೇಶದ ಗುಂಪಿನಲ್ಲಿ ಕರಗಿಹೋದವನು. ತಂಡವನ್ನು ಯಾರು ನಡೆಸಬೇಕು, ಹೇಗೆ ನಡೆಸಬೇಕು ಎಂದು ವರ್ಷಗಟ್ಟಲೆ ವಾದಿಸುವ ಅಭಿಮಾನಿ ಈ ಎರಡು ಚಿತ್ರಗಳಲ್ಲೂ ಕಾಣುವುದಿಲ್ಲ. ಅವನಿಗೆ ಮತದಾನದ ಹಕ್ಕಿಲ್ಲ, ಪಾಲುದಾರಿಕೆ ಇಲ್ಲ. ಆದರೂ ಆಟಗಾರರ ಸಂಬಳದಿಂದ ಹಿಡಿದು ಅವರ ಗಡ್ಡದವರೆಗೆ ಎಲ್ಲವೂ ಅವನ ಪರಾಮರ್ಶೆಗೆ ಒಳಪಡುತ್ತದೆ. ಈ ಪರಾಮರ್ಶೆಗೆ ಒಂದು ಒಳತರ್ಕವಿದೆಯೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಇದಕ್ಕಾಗಿ ಆಯ್ದುಕೊಂಡಿರುವುದು ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನ (ಎನ್‌ಎಚ್‌ಎಲ್) ಟೊರೊಂಟೊ ಮೇಪಲ್ ಲೀಫ್ಸ್ ತಂಡದ 2014ರಿಂದ 2025ರವರೆಗಿನ ಅವಧಿ. ಕೊಡಗಿನ ಮೈದಾನಗಳಲ್ಲಿ ನಾವು ನೋಡಿ ಬೆಳೆದ ಹಾಕಿ ಇದಲ್ಲ, ಮಂಜುಗಡ್ಡೆಯ ಮೇಲಿನ ಐಸ್ ಹಾಕಿ. ಈ ಅವಧಿಯಲ್ಲಿ ಟೊರೊಂಟೊದ ಅಭಿಮಾನಿಗಳು ಎರಡು ವಿಷಯಗಳನ್ನು ಬಿಡದೆ ಚರ್ಚಿಸಿದರು: ತಂಡವನ್ನು ಕೆಡವಿ ಹೊಸದಾಗಿ ಕಟ್ಟುವ ‘ರೀಬಿಲ್ಡ್’, ಮತ್ತು ಆಟಗಾರರ ಉಡುಪು, ತಲೆಗೂದಲು, ಗಡ್ಡಗಳ ಮೇಲಿನ ನಿರ್ಬಂಧ. ಇವು ಮೇಲ್ನೋಟಕ್ಕೆ ಸಂಬಂಧವಿಲ್ಲದ ಸಂಗತಿಗಳು. ನನ್ನ ವಾದ ಬೇರೆ: ಪುನರ್ನಿರ್ಮಾಣ ಅಭಿಮಾನಿಯಿಂದ ಕೇಳುವುದು ನಂಬಿಕೆಯನ್ನು, ಅದೂ ಫಲ ಕಣ್ಣಿಗೆ ಬೀಳುವ ಮೊದಲೇ. ಆ ಶೂನ್ಯವನ್ನು ತುಂಬಲು ಆಡಳಿತಕ್ಕೆ ಕಾಣುವಂಥ ಗುರುತೊಂದು ಬೇಕಾಗುತ್ತದೆ, ಉಡುಪಿನ ಶಿಸ್ತು ಆ ಗುರುತಾಗಿ ಒದಗುತ್ತದೆ. ಹಾಗಾಗಿ ಉಡುಪಿನ ಚರ್ಚೆಯೂ ಮೂಲತಃ ಆಡಳಿತದ ಮೇಲಿನ ನಂಬಿಕೆಯ ಚರ್ಚೆಯೇ.

2. ನಂಬಿಕೆ ಮುರಿದ ಬಗೆ

ಲೀಫ್ಸ್ ಕೊನೆಯ ಬಾರಿ ಲೀಗ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದದ್ದು 1967ರಲ್ಲಿ. 2005ರಿಂದ 2016ರವರೆಗೆ ತಂಡ ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್ ಕಂಡದ್ದು 2013ರಲ್ಲಿ ಮಾತ್ರ. ಆ ವರ್ಷ ಬಾಸ್ಟನ್ ವಿರುದ್ಧದ ಸರಣಿಯ ನಿರ್ಣಾಯಕ ಏಳನೆಯ ಪಂದ್ಯದ ಕೊನೆಯ ಅವಧಿಯಲ್ಲಿ 4–1ರಿಂದ ಮುಂದಿದ್ದೂ ಸೋತಿತು. ಇಷ್ಟಾದರೂ ತಂಡ ಲೀಗ್‌ನ ಅತ್ಯಂತ ಶ್ರೀಮಂತ ಸಂಸ್ಥೆಗಳಲ್ಲಿ ಒಂದಾಗಿಯೇ ಉಳಿಯಿತು. ಅಭಿಮಾನಿಯ ಸಂಕಟದ ಮೂಲ ಇರುವುದು ಇಲ್ಲಿ. ಸೋತರೂ ಆಸನಗಳು ತುಂಬುವಾಗ ಅವನ ಅತೃಪ್ತಿ ಮಾಲೀಕರ ಲೆಕ್ಕಪತ್ರದಲ್ಲಿ ಎಲ್ಲೂ ದಾಖಲಾಗುವುದಿಲ್ಲ. ಮಾರುಕಟ್ಟೆಯಲ್ಲಿ ಕೇಳಿಸದ ಮಾತನ್ನು ಅವನು ಕಟಕಟೆಯ ಆಚೆಯಿಂದಲೇ ಆಡಬೇಕಾಗುತ್ತದೆ.

2014ರ ನವೆಂಬರ್ ಇದಕ್ಕೆ ಸಾಕ್ಷಿ. ನವೆಂಬರ್ 18ರಂದು ತವರಿನಲ್ಲೇ ನ್ಯಾಶ್‌ವಿಲ್ ವಿರುದ್ಧ 9–2ರ ಸೋಲು. ಆ ಋತುವಿನಲ್ಲಿ ರೊಚ್ಚಿಗೆದ್ದ ಅಭಿಮಾನಿಗಳು ತಂಡದ ಜರ್ಸಿಗಳನ್ನೇ ಮಂಜುಗಡ್ಡೆಯ ಮೇಲೆ ಎಸೆದದ್ದುಂಟು. ಆ 9–2ರ ಸೋಲಿನ ಎರಡು ದಿನಗಳ ನಂತರ ಟ್ಯಾಂಪಾ ಬೇ ವಿರುದ್ಧ ಗೆದ್ದ ಆಟಗಾರರು, ಗೆದ್ದಾಗ ಕೋಲೆತ್ತಿ ಪ್ರೇಕ್ಷಕರಿಗೆ ವಂದಿಸುವ ರೂಢಿಯನ್ನು ಬಿಟ್ಟು ನೇರ ಒಳಗೆ ಹೋದರು. ಗೆಲುವಿಗಿಂತ ದೊಡ್ಡ ಸುದ್ದಿಯಾದದ್ದು ಈ ವಂದನೆಯ ಗೈರುಹಾಜರಿ. ಜರ್ಸಿ ಮತ್ತು ವಂದನೆ, ಎರಡೂ ಆಟದ ಹೊರಗಿನ ಸಂಕೇತಗಳು. ಆಟದಲ್ಲಿ ಹೇಳಲು ಏನೂ ಉಳಿಯದಾಗ ಎರಡೂ ಪಕ್ಷಗಳು ಸಂಕೇತಗಳ ಮೂಲಕವೇ ಮಾತಾಡಿದವು. ಮುಂದೆ ಉಡುಪಿನ ಪ್ರಶ್ನೆಗೆ ಬಂದ ತೂಕ ಅರ್ಥವಾಗಬೇಕಾದರೆ ಈ ಹಿನ್ನೆಲೆ ಅಗತ್ಯ.

3. ಸೋಲನ್ನು ಬಯಸುವ ನೀತಿ

ಪುನರ್ನಿರ್ಮಾಣದ ತರ್ಕ ಹುಟ್ಟುವುದು ಲೀಗ್‌ನ ನಿಯಮಗಳಲ್ಲೇ. 2004–05ರ ಇಡೀ ಋತು ಮಾಲೀಕರು ಮತ್ತು ಆಟಗಾರರ ತಿಕ್ಕಾಟಕ್ಕೆ ಬಲಿಯಾದ ಮೇಲೆ ಸಂಬಳದ ಮಿತಿ ಜಾರಿಗೆ ಬಂತು. ಹಣ ಚೆಲ್ಲಿ ಶ್ರೇಷ್ಠ ಆಟಗಾರರನ್ನು ಗುಡ್ಡೆ ಹಾಕಿಕೊಳ್ಳುವ ದಾರಿ ಟೊರೊಂಟೊದಂಥ ಶ್ರೀಮಂತ ತಂಡಕ್ಕೂ ಮುಚ್ಚಿತು. ಕಡಿಮೆ ಸಂಬಳದಲ್ಲಿ ದೊಡ್ಡ ಪ್ರತಿಭೆ ಸಿಗುವ ಖಚಿತ ಮೂಲ ಉಳಿದದ್ದು, ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ‘ಡ್ರಾಫ್ಟ್’ ಒಂದೇ. ಅಲ್ಲಿ ಮೊದಲ ಆಯ್ಕೆಯ ಅವಕಾಶ ಕೆಳಗಿನ ಸ್ಥಾನದ ತಂಡಗಳಿಗೆ ಹೆಚ್ಚು. ಅಂದರೆ ಸೋಲಿಗೆ ಬಹುಮಾನವಿದೆ. ಇದಕ್ಕೆ ಕಡಿವಾಣ ಹಾಕಲೆಂದೇ ಲಾಟರಿ ಇದೆ. 2016ರಲ್ಲಿ ಕಟ್ಟಕಡೆಯ ತಂಡಕ್ಕೂ ಮೊದಲ ಆಯ್ಕೆ ಸಿಗುವ ಸಾಧ್ಯತೆ ಶೇ 20 ಮಾತ್ರ.

ಈ ವ್ಯವಸ್ಥೆ ಅಭಿಮಾನಿಯನ್ನು ತನ್ನ ವಿರುದ್ಧವೇ ನಿಲ್ಲಿಸುತ್ತದೆ. 2015ರ ಮಾರ್ಚ್ 26ರಂದು ಬಫಲೊ ನಗರದಲ್ಲಿ ನಡೆದ ಪಂದ್ಯದಲ್ಲಿ ಎದುರಾಳಿ ಅರಿಜೋನಾದ ಸ್ಯಾಮ್ ಗ್ಯಾಗ್ನರ್ ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲು ಹೊಡೆದಾಗ ಬಫಲೊ ಸೇಬರ್ಸ್ ಅಭಿಮಾನಿಗಳಲ್ಲಿ ಹಲವರು ಹರ್ಷೋದ್ಗಾರ ಮಾಡಿದರು. ಅವರ ಕಣ್ಣು ಆ ವರ್ಷದ ಡ್ರಾಫ್ಟ್‌ನ ಕಾನರ್ ಮೆಕ್‌ಡೇವಿಡ್ ಮೇಲಿತ್ತು. ತವರಿನ ಆಟಗಾರರು ಬಹಿರಂಗವಾಗಿಯೇ ನೊಂದುಕೊಂಡರು. ಅವರ ನೋವು ನ್ಯಾಯವಾದದ್ದು: ಅಭಿಮಾನಿಯ ಕಾಲ ದಶಕಗಳದ್ದು, ಆಟಗಾರನ ಕಾಲ ಅವನ ಗುತ್ತಿಗೆಯದ್ದು. ನಾಳಿನ ತಂಡದಲ್ಲಿ ತಾನಿರುವುದಿಲ್ಲ ಎಂದು ಗೊತ್ತಿರುವವನನ್ನು ನಾಳೆಗಾಗಿ ಸೋಲು ಎನ್ನುವುದು ಕ್ರೌರ್ಯ. ಕೊನೆಗೆ ಬಫಲೊ ಲಾಟರಿಯಲ್ಲೂ ಸೋತಿತು. ಮೆಕ್‌ಡೇವಿಡ್ ಹೋದದ್ದು ಎಡ್ಮಂಟನ್‌ಗೆ; ಬಫಲೊಗೆ ಸಿಕ್ಕ ಜ್ಯಾಕ್ ಐಕಲ್ 2021ರಲ್ಲಿ ವೇಗಸ್ ಸೇರಿ 2023ರಲ್ಲಿ ಅಲ್ಲಿ ಕಪ್ ಗೆದ್ದ. ಬಫಲೊ ಮಾತ್ರ 2025ರವರೆಗೆ ಸತತ 14 ಋತು ಪ್ಲೇಆಫ್‌ನಿಂದ ಹೊರಗುಳಿಯಿತು.

ಎಡ್ಮಂಟನ್‌ನ ಪಾಠ ಇನ್ನೂ ಸೂಕ್ಷ್ಮ. 2010, 2011, 2012, 2015, ಹೀಗೆ ಆರು ವರ್ಷಗಳಲ್ಲಿ ನಾಲ್ಕು ಬಾರಿ ಮೊದಲ ಆಯ್ಕೆ ಪಡೆದರೂ 2016ರವರೆಗಿನ ಹತ್ತು ಋತುಗಳಲ್ಲಿ ಆ ತಂಡ ಒಮ್ಮೆಯೂ ಪ್ಲೇಆಫ್ ತಲುಪಲಿಲ್ಲ. ಸೋಲುವುದು ಸುಲಭ, ಸೋಲಿನಿಂದ ಬಂದದ್ದನ್ನು ಬೆಳೆಸುವುದು ಆಡಳಿತದ ಕೆಲಸ. ಆದ್ದರಿಂದ ‘ರೀಬಿಲ್ಡ್ ಬೇಕೇ ಬೇಡವೇ’ ಎಂಬ ಅಭಿಮಾನಿಗಳ ವಾದ ಬಹುಬೇಗ ‘ಈ ಜನರ ಕೈಯಲ್ಲಿ ರೀಬಿಲ್ಡ್ ಬೇಕೇ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

4. ಯೋಜನೆ ಮತ್ತು ಅದರ ವೇಷ

2014ರ ಏಪ್ರಿಲ್‌ನಲ್ಲಿ ಲೀಫ್ಸ್ ಅಧ್ಯಕ್ಷರಾಗಿ ಬಂದ ಬ್ರೆಂಡನ್ ಶಾನಹನ್ ಮುಂದಿನ ವರ್ಷ ಈ ಪ್ರಶ್ನೆಗೆ ಉತ್ತರ ಕೊಡಲು ಹೊರಟರು. 2015ರ ಮೇ ತಿಂಗಳಲ್ಲಿ ಮೈಕ್ ಬ್ಯಾಬ್‌ಕಾಕ್ ಎಂಟು ವರ್ಷಗಳ, 5 ಕೋಟಿ ಡಾಲರ್‌ಗಳ ಒಪ್ಪಂದದ ಮೇಲೆ ಕೋಚ್ ಆದರು. ಮುಂದಿನ ದಾರಿಯಲ್ಲಿ ನೋವು ಕಾದಿದೆ ಎಂದು ಅವರು ಮೊದಲ ದಿನವೇ ಹೇಳಿದರು. ಜುಲೈ 1ರಂದು ತಂಡದ ಪ್ರಮುಖ ಗೋಲುಗಾರ ಫಿಲ್ ಕೆಸೆಲ್ ಪಿಟ್ಸ್‌ಬರ್ಗ್‌ಗೆ, 2016ರ ಫೆಬ್ರವರಿಯಲ್ಲಿ ನಾಯಕ ಡಿಯಾನ್ ಫನೂಫ್ ಒಟ್ಟಾವಾಗೆ ಹೋದರು. 2015–16ರಲ್ಲಿ ತಂಡ 69 ಅಂಕ ಗಳಿಸಿ 30 ತಂಡಗಳಲ್ಲಿ ಕೊನೆಯದಾಯಿತು; ಲಾಟರಿ ಒಲಿದು ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಆಸ್ಟನ್ ಮ್ಯಾಥ್ಯೂಸ್ ದಕ್ಕಿದ.

ಈ ಯೋಜನೆಯ ನಡುವೆಯೇ, 2015ರ ಜುಲೈನಲ್ಲಿ, ಲೂ ಲ್ಯಾಮೊರಿಯೆಲೊ ಜನರಲ್ ಮ್ಯಾನೇಜರ್ ಆಗಿ ಬಂದರು. ನ್ಯೂಜೆರ್ಸಿ ಡೆವಿಲ್ಸ್ ತಂಡಕ್ಕೆ 1995, 2000, 2003ರಲ್ಲಿ ಕಪ್ ಗೆದ್ದುಕೊಟ್ಟ ಅವರ ನಿಯಮಗಳು ಅವರಷ್ಟೇ ಪ್ರಸಿದ್ಧ: ಗಡ್ಡ ಬಿಡುವಂತಿಲ್ಲ, ತಲೆಗೂದಲು ಓರಣವಾಗಿರಬೇಕು, ಜರ್ಸಿಯ ಮೇಲೆ ದೊಡ್ಡ ಸಂಖ್ಯೆಗಳು ಬೇಡ. ಎದೆಯ ಮೇಲಿನ ತಂಡದ ಲಾಂಛನ ಬೆನ್ನ ಮೇಲಿನ ಹೆಸರಿಗಿಂತ ದೊಡ್ಡದು ಎಂಬುದು ಇದರ ಹಿಂದಿನ ತತ್ತ್ವ. ಲೀಗ್‌ನ ಸಾಮೂಹಿಕ ಒಪ್ಪಂದದಲ್ಲೇ ಇನ್ನೊಂದು ಕಟ್ಟಳೆಯಿತ್ತು: ಕೋಚ್ ಅಥವಾ ಜನರಲ್ ಮ್ಯಾನೇಜರ್ ವಿನಾಯಿತಿ ಕೊಡದ ಹೊರತು ಪಂದ್ಯಕ್ಕೆ ಬರುವಾಗ, ಹೋಗುವಾಗ ಆಟಗಾರರು ಕೋಟು, ಟೈ, ಔಪಚಾರಿಕ ಪ್ಯಾಂಟು ತೊಡಬೇಕು. ಲ್ಯಾಮೊರಿಯೆಲೊ ನಿಯಮಗಳು ಇದರ ಮೇಲೆ ಹೇರಿದ ಇನ್ನೊಂದು ಪದರ.

ಟೊರೊಂಟೊಗೆ ಇಂಥ ಶಿಸ್ತು ಹೊಸದಲ್ಲ. 1931ರಲ್ಲಿ ಮೇಪಲ್ ಲೀಫ್ ಗಾರ್ಡನ್ಸ್ ಕ್ರೀಡಾಂಗಣ ಕಟ್ಟಿಸಿದ ಕಾನ್ ಸ್ಮೈಥ್, ಜನ ಒಳ್ಳೆಯ ಉಡುಪು ತೊಟ್ಟು ಬರುವಂಥ ಗೌರವದ ತಾಣ ಅದಾಗಬೇಕೆಂದು ಬಯಸಿದ್ದರು. ಒರಟು ಆಟಕ್ಕೆ ಮಧ್ಯಮವರ್ಗದ ಮರ್ಯಾದೆ ತೊಡಿಸುವ ಈ ಆಸೆಯಲ್ಲಿ ಕೋಟು–ಟೈ ಸಂಪ್ರದಾಯದ ಒಂದು ಬೇರನ್ನು ಕಾಣಬಹುದು. ಹಾಗಾಗಿ ಲ್ಯಾಮೊರಿಯೆಲೊ ನಿಯಮಗಳನ್ನು ಮೆಚ್ಚಿದ ಅಭಿಮಾನಿಗಳು ಅದರಲ್ಲಿ ಕಂಡದ್ದು ಕಳೆದುಹೋದ ಒಂದು ಘನತೆ. ಗೆಲುವು ಬರುವ ಮುನ್ನವೇ ಗೆದ್ದವರ ಮನೆಯ ನಡವಳಿಕೆ ಬಂದಿದೆ ಎಂಬ ಭರವಸೆ ಅವರಿಗೆ ಸಿಕ್ಕಿತು. ಎದುರು ಬಣದ ಪ್ರಶ್ನೆಯೂ ಅಷ್ಟೇ ಗಟ್ಟಿ: ಇಪ್ಪತ್ತರ ಹರೆಯದ ಹುಡುಗರನ್ನು ನಂಬಿ ತಂಡ ಕಟ್ಟುವವರು ಅವರ ಗಡ್ಡವನ್ನು ಮಾತ್ರ ನಂಬಲಾರರೇ?

5. ಸಾಕ್ಷ್ಯದ ಪರೀಕ್ಷೆ

ಉಡುಪಿನ ಶಿಸ್ತು ಗೆಲುವು ತರುತ್ತದೆಯೇ? ದಾಖಲೆಗಳು ಎರಡೂ ಕಡೆ ಎಳೆಯುತ್ತವೆ. ನ್ಯೂಜೆರ್ಸಿಯ ಮೂರು ಕಪ್‌ಗಳು ಒಂದೆಡೆ. ಇನ್ನೊಂದೆಡೆ, ಎದೆಮಟ್ಟದ ಗಡ್ಡ ಬಿಟ್ಟ ಜೋ ಥಾರ್ನ್‌ಟನ್ ಮತ್ತು ಬ್ರೆಂಟ್ ಬರ್ನ್ಸ್ ಇದ್ದ ಸ್ಯಾನ್ ಹೊಸೆ ಶಾರ್ಕ್ಸ್ 2016ರ ಫೈನಲ್ ತಲುಪಿತು. ಆ ಫೈನಲ್‌ನಲ್ಲಿ ಗೆದ್ದ ಪಿಟ್ಸ್‌ಬರ್ಗ್ ತಂಡದಲ್ಲಿದ್ದವನು, ಟೊರೊಂಟೊದಲ್ಲಿ ದೈಹಿಕ ಸಿದ್ಧತೆಯ ಬಗ್ಗೆ ಟೀಕೆ ಕೇಳಿಸಿಕೊಂಡೇ ಹೊರಬಿದ್ದ ಕೆಸೆಲ್. ಪ್ಲೇಆಫ್ ಮುಗಿಯುವವರೆಗೆ ಗಡ್ಡ ಬೋಳಿಸದ ಸಂಪ್ರದಾಯವನ್ನು ಲೀಗ್‌ನಲ್ಲಿ ಬೆಳೆಸಿದ್ದು 1980ರ ದಶಕದ ಆರಂಭದ ನ್ಯೂಯಾರ್ಕ್ ಐಲ್ಯಾಂಡರ್ಸ್; ಅವರು 1980ರಿಂದ 1983ರವರೆಗೆ ಸತತ ನಾಲ್ಕು ಕಪ್ ಗೆದ್ದವರು. ಅದೇ ಐಲ್ಯಾಂಡರ್ಸ್‌ಗೆ 2018ರಲ್ಲಿ ಲ್ಯಾಮೊರಿಯೆಲೊ ತಮ್ಮ ನಿಯಮಗಳೊಂದಿಗೆ ಹೋದರು. 2020, 2021ರಲ್ಲಿ ತಂಡ ಸೆಮಿಫೈನಲ್ ಹಂತ ತಲುಪಿತು, ಕಪ್ ಬರಲಿಲ್ಲ. ಇವುಗಳಲ್ಲಿ ಯಾವುದೂ ಕಾರಣ–ಕಾರ್ಯ ಸಂಬಂಧವನ್ನು ಸಾಬೀತು ಮಾಡುವುದಿಲ್ಲ. ನಿಯಮಗಳಿಗೆ ಕೀರ್ತಿ ತಂದದ್ದು ಗೆಲುವು. ಗೆಲುವಿಗೆ ಕಾರಣ ಆ ನಿಯಮಗಳು ಎನ್ನಲು ಆಧಾರವಿಲ್ಲ.

ಪಿ. ಕೆ. ಸುಬ್ಬನ್ ಪ್ರಕರಣ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಮಾಂಟ್ರಿಯಲ್‌ನ ಈ ಕಪ್ಪು ಆಟಗಾರ ಸೊಗಸಾದ ಸೂಟುಗಳಿಗೆ ಹೆಸರಾದವನು. ಕಟ್ಟಳೆಯನ್ನು ಪಾಲಿಸಿಯೂ ಅವನು ‘ಪ್ರದರ್ಶನಪ್ರಿಯ’ ಎಂಬ ಟೀಕೆಗೆ ಗುರಿಯಾದ. 2016ರ ಜೂನ್‌ನಲ್ಲಿ ಅವನನ್ನು ನ್ಯಾಶ್‌ವಿಲ್‌ಗೆ ಕಳಿಸಲಾಯಿತು. ಮರುವರ್ಷವೇ ಆ ತಂಡ ಫೈನಲ್ ಆಡಿತು. ಸಂಹಿತೆಯ ನಿಜವಾದ ಕಾವಲು ಕೋಟಿನ ಮೇಲಲ್ಲ, ಎದ್ದು ಕಾಣುವ ವ್ಯಕ್ತಿತ್ವದ ಮೇಲೆ ಎಂಬುದು ಇದರಿಂದ ತಿಳಿಯುತ್ತದೆ. ಯಾರು ಎದ್ದು ಕಾಣುತ್ತಾರೆ ಎಂಬುದು, ಬಹುಪಾಲು ಬಿಳಿಯರೇ ಇರುವ ಆಟದಲ್ಲಿ, ಬಣ್ಣದಿಂದ ಬೇರೆಯಾಗಿ ನಿರ್ಧಾರವಾಗುವುದಿಲ್ಲ.

6. ಸಡಿಲಿಕೆಯ ನಂತರ

2018ರಲ್ಲಿ ಕೈಲ್ ಡೂಬಸ್ ಜನರಲ್ ಮ್ಯಾನೇಜರ್ ಆದಾಗ ನಿರ್ಬಂಧಗಳು ಸಡಿಲಗೊಂಡು ಆಟಗಾರರ ಮುಖದ ಮೇಲೆ ಗಡ್ಡ, ಮೀಸೆ ಕಾಣಿಸಿಕೊಂಡವು. ಅದೇ ಅವಧಿಯಲ್ಲಿ ನಾಲ್ವರಿಗೆ ಭಾರಿ ಒಪ್ಪಂದಗಳಾದವು: ವರ್ಷಕ್ಕೆ ಜಾನ್ ಟವಾರೆಸ್‌ಗೆ 1.1 ಕೋಟಿ, ಮ್ಯಾಥ್ಯೂಸ್‌ಗೆ 1.16 ಕೋಟಿ, ಮಿಚ್ ಮಾರ್ನರ್‌ಗೆ 1.09 ಕೋಟಿ, ವಿಲಿಯಂ ನೈಲ್ಯಾಂಡರ್‌ಗೆ ಸುಮಾರು 70 ಲಕ್ಷ ಡಾಲರ್. ಕೋವಿಡ್ ಕಾಲದಲ್ಲಿ ಸಂಬಳದ ಮಿತಿ 8.15 ಕೋಟಿಯಲ್ಲೇ ನಿಂತುಬಿಟ್ಟಿತು. ಸುಮಾರು ಅರ್ಧ ಹಣ ನಾಲ್ವರ ಪಾಲಾಯಿತು. ತಂಡ 2018ರಲ್ಲಿ (ಡೂಬಸ್ ಬರುವ ಮುನ್ನ) ಮತ್ತು 2019ರಲ್ಲಿ ಬಾಸ್ಟನ್‌ಗೆ, 2021ರಲ್ಲಿ 3–1ರಿಂದ ಮುಂದಿದ್ದೂ ಮಾಂಟ್ರಿಯಲ್‌ಗೆ, 2022ರಲ್ಲಿ ಟ್ಯಾಂಪಾಗೆ ಏಳನೆಯ ಪಂದ್ಯಗಳಲ್ಲಿ ಸೋತಿತು. 2004ರ ನಂತರದ ಮೊದಲ ಸರಣಿ ಗೆಲುವು ಬಂದದ್ದು 2023ರಲ್ಲಿ. 2025ರಲ್ಲಿ ಫ್ಲಾರಿಡಾ ಎದುರು ಮತ್ತೊಂದು ಏಳನೆಯ ಪಂದ್ಯದ ಸೋಲಿನ ನಂತರ ಶಾನಹನ್ ನಿರ್ಗಮಿಸಿದರು.

ಪ್ರತಿ ಸೋಲಿನ ನಂತರವೂ ‘ಈ ಹುಡುಗರು ಮೆತ್ತಗೆ’ ಎಂಬ ಆರೋಪ ಮರುಕಳಿಸಿತು. ಅದರ ಜೊತೆಗೆ ಕಟ್ಟುನಿಟ್ಟಿನ ಹಳೆಯ ದಿನಗಳ ನೆನಪೂ ಬಂತು. ಆದರೆ ಸೋಲಿಗೆ ಹತ್ತಿರದ ಕಾರಣಗಳು ಸಂಬಳದ ಹಂಚಿಕೆಯಲ್ಲಿ, ರಕ್ಷಣಾ ಪಡೆಯ ಆಳದಲ್ಲಿ, ಗೋಲ್‌ಕೀಪರ್‌ನ ಆಯ್ಕೆಯಲ್ಲಿ ಹುಡುಕಬೇಕಾದವು. ಇವು ಬಿಡಿಸಿ ನೋಡಬೇಕಾದ ಲೆಕ್ಕಗಳು. ಮೀಸೆಯಾದರೋ ಒಂದೇ ನೋಟಕ್ಕೆ ಸಿಗುತ್ತದೆ. ರೋಗ ತಿಳಿಯದವರು ಬಟ್ಟೆಯ ಕಲೆಯನ್ನು ತಿಕ್ಕುವಂತೆ, ಚರ್ಚೆ ಕಾಣುವುದರ ಸುತ್ತಲೇ ಸುತ್ತಿತು.

ಅಷ್ಟರಲ್ಲಿ ಕಟ್ಟಳೆಯೇ ಬದಲಾಯಿತು. 2020ರಲ್ಲಿ ಟೊರೊಂಟೊ ಮತ್ತು ಎಡ್ಮಂಟನ್‌ನ ಕೋವಿಡ್ ಬಯೋಬಬಲ್‌ನಲ್ಲಿ ಕೋಟು–ಟೈ ಕಡ್ಡಾಯವಾಗಿರಲಿಲ್ಲ. 2025ರಲ್ಲಿ ಅಂಗೀಕಾರವಾದ ಹೊಸ ಸಾಮೂಹಿಕ ಒಪ್ಪಂದ ತಂಡಗಳ ಉಡುಪಿನ ನಿಯಮಗಳನ್ನು ಕೈಬಿಟ್ಟು, ಸಮಕಾಲೀನ ಅಭಿರುಚಿಗೆ ತಕ್ಕ ಉಡುಪು ಸಾಕು ಎಂದಿತು. ಬೇಸ್‌ಬಾಲ್‌ನಲ್ಲಿ ಗಡ್ಡ ನಿಷೇಧಕ್ಕೆ ಹೆಸರಾಗಿದ್ದ ನ್ಯೂಯಾರ್ಕ್ ಯಾಂಕೀಸ್ ಕೂಡ ಅದೇ ವರ್ಷದ ಫೆಬ್ರವರಿಯಲ್ಲಿ ಓರಣದ ಗಡ್ಡಕ್ಕೆ ಒಪ್ಪಿಗೆ ಕೊಟ್ಟಿತ್ತು.

7. ಸಮಾರೋಪ

ಈ ಇತಿಹಾಸದಲ್ಲಿ ಅಭಿಮಾನಿಗಳ ನಂಬಿಕೆ ನಿಜವಾಗಿ ಗಟ್ಟಿಯಾಗಿದ್ದ ಒಂದು ಋತುವಿದೆ. ಅದು ಗೆಲುವಿನ ಋತುವಲ್ಲ, ತಂಡ ಕೊನೆಯ ಸ್ಥಾನಕ್ಕಿಳಿದ 2015–16. ಹಿಂದಿನ ವರ್ಷ ಜರ್ಸಿ ಎಸೆದಿದ್ದ ಊರು ಆ ವರ್ಷ ಇನ್ನೂ ಕೆಳಗಿನ ಸ್ಥಾನವನ್ನು ಸಹಿಸಿಕೊಂಡಿತು. ಆಟಗಾರರ ಗಡ್ಡ ಬೋಳಾಗಿದ್ದುದು ಇದಕ್ಕೆ ಕಾರಣವಲ್ಲ. ಏನಾಗಲಿದೆ ಎಂದು ಆಡಳಿತ ಮುಂಚೆಯೇ ನೇರವಾಗಿ ಹೇಳಿತ್ತು, ಹೇಳಿದಂತೆ ನಡೆದುಕೊಂಡಿತ್ತು. ಮುಂದಿನ ವರ್ಷಗಳಲ್ಲಿ, ಪ್ರತಿ ಸೋಲಿನ ನಂತರವೂ ಅದೇ ನಾಲ್ವರ ಮೇಲೆ ಭರವಸೆಯಿಟ್ಟು ಅದೇ ಮಾತು ಹೇಳಿದಾಗ, ಗೆಲುವುಗಳು ಹೆಚ್ಚಿದ್ದರೂ ನಂಬಿಕೆ ಕರಗಿತು.

ಉಡುಪಿನ ವಾದವನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ತಪ್ಪು. ತನ್ನ ಕೈಗೆಟುಕದ ಆಡಳಿತದ ಒಳಗನ್ನು ಓದಲು ಅಭಿಮಾನಿಗೆ ಸಿಕ್ಕ ಕೆಲವೇ ಸುಳಿವುಗಳಲ್ಲಿ ಅದೊಂದು. ಆದರೆ ಅದು ದುರ್ಬಲ ಸುಳಿವು. ಕಟ್ಟಳೆಯೇ ಹೋಗಿರುವ ಈಗ ತಂಡಗಳ ಮುಂದೆ ಕಠಿಣವಾದ ಮಾರ್ಗವಷ್ಟೇ ಉಳಿದಿದೆ: ಯಾವ ಆಟಗಾರನಿಗೆ ಎಷ್ಟು, ಯಾಕೆ, ಎಷ್ಟು ವರ್ಷದವರೆಗೆ, ಸೋತರೆ ಹೊಣೆ ಯಾರದು ಎಂಬುದನ್ನು ಬಿಚ್ಚಿ ಹೇಳುವುದು. ಅಭಿಮಾನಿಗಳು ಕೇಳುತ್ತಾ ಬಂದಿರುವುದು ಇಷ್ಟನ್ನೇ. ಬದುಕಿನ ಅರ್ಧ ಶತಮಾನವನ್ನು ಒಂದು ತಂಡದ ಜೊತೆ ಕಳೆದವರಿಗೆ ಆ ಉತ್ತರ ಸಲ್ಲಬೇಕು.