ಅರಳಿಕಟ್ಟೆಯ ವಿಶ್ವಕೋಶ

ನಮ್ಮ ಹುಲಿಕುಂಟೆಯ ಸುತ್ತಣ ಸೀಮೆಯಲ್ಲಿ, ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಹಳ್ಳಿಗಳಿಗೆ ಹೋದವರಿಗೆ ಅರಳಿಕಟ್ಟೆಯೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಸಂಜೆಯ ಹೊತ್ತು ಕಟ್ಟೆಯ ಮೇಲೆ ಕುಳಿತವರು ಮಳೆಯ ಸುದ್ದಿಯಿಂದ ಹಿಡಿದು ಜಮೀನಿನ ವ್ಯಾಜ್ಯದವರೆಗೆ ಎಲ್ಲವನ್ನೂ ಮಾತಾಡುತ್ತಾರೆ. ದನಿ ಏರುತ್ತದೆ. ಒಬ್ಬರು ಟವಲು ಕೊಡವಿಕೊಂಡು ಎದ್ದೂ ಹೋಗುತ್ತಾರೆ. ಮರುದಿನ ಸಂಜೆ ಅದೇ ಕಟ್ಟೆ, ಅದೇ ಜನ.

ಈ ಕಟ್ಟೆಯ ಹೆಸರನ್ನು ತನ್ನ ಚಾವಡಿಗೆ ಇಟ್ಟುಕೊಂಡಿರುವ ವಿಶ್ವಕೋಶವೊಂದು ಕನ್ನಡದಲ್ಲಿದೆ. ಅದೇ ಕನ್ನಡ ವಿಕಿಪೀಡಿಯ. ಅಂತರಜಾಲದಲ್ಲಿರುವ ಈ ಕೋಶವನ್ನು ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಬರೆಯಬಹುದು, ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದಬಹುದು. ಬರೆದವರಿಗೆ ಸಂಬಳವಿಲ್ಲ, ಸಂಭಾವನೆಯಿಲ್ಲ. ಬರೆಯುವವರೆಲ್ಲ ಕೂಡಿ ಮಾತಾಡುವ ಪುಟಕ್ಕೆ ಇಂಗ್ಲಿಷಿನವರು ಹಳ್ಳಿಯ ನೀರಿನ ಪಂಪಿನ ಹೆಸರನ್ನು ಇಟ್ಟರು. ನಮ್ಮವರು ಅದನ್ನು ಪದಕ್ಕೆ ಪದ ಭಾಷಾಂತರಿಸುವ ಗೋಜಿಗೆ ಹೋಗದೆ ‘ಅರಳಿ ಕಟ್ಟೆ’ ಎಂದರು. ಹೆಸರಿಟ್ಟವರು ಯಾರೇ ಆಗಲಿ, ಕೆಲಸದ ಸ್ವರೂಪವನ್ನು ಚೆನ್ನಾಗಿ ಅರಿತವರು.

ಪರಸ್ಪರ ಮುಖ ನೋಡದ, ಒಬ್ಬರ ಮಾತನ್ನು ಒಬ್ಬರು ಸುಲಭವಾಗಿ ಒಪ್ಪದ ಜನ ಕೂಡಿ ಒಂದು ಪುಸ್ತಕವನ್ನು ಹೇಗೆ ಬರೆದಾರು? ಬರೆದರೂ ಅದನ್ನು ನಂಬುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ವಿಶ್ವಕೋಶವೆಂಬ ಮಾತು ಹೊಸದು, ಹಂಬಲ ಹಳೆಯದು. 11ನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವನ್ನು ಬರೆದು, ಜನಕ್ಕೆ ದಿನಬಳಕೆಗೆ ಬೇಕಾದ ಹಲವು ವಿದ್ಯೆಗಳನ್ನು ಕನ್ನಡದಲ್ಲಿ ಒಂದೆಡೆ ತಂದನು. 12ನೆಯ ಶತಮಾನದಲ್ಲಿ ಚಾಲುಕ್ಯರ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯೂ ಇದೇ ಜಾತಿಯ ಗ್ರಂಥ. ನಮ್ಮ ಕಾಲಕ್ಕೆ ಹತ್ತಿರವಾಗಿ, 1936ರಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ತಂದರು. ಇವೆಲ್ಲ ಒಬ್ಬೊಬ್ಬರ ಹೆಸರಿನಲ್ಲಿ ನಿಂತ ಸಾಹಸಗಳು.

ಬಳಿಕ ಸಮಿತಿಗಳ ಕಾಲ ಬಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರವರೆಗೆ ಹೊರಬಂದವು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ ಪ್ರಕಟವಾಯಿತು. ಒಂದು ಪದದ ಅರ್ಥಕ್ಕಾಗಿ, ಒಬ್ಬ ಕವಿಯ ಕಾಲಕ್ಕಾಗಿ ವಿದ್ವಾಂಸರು ಗಂಟೆಗಟ್ಟಲೆ ವಾದಿಸಿರಬೇಕು. ಆದರೆ ಅಚ್ಚಾದ ಪುಟದಲ್ಲಿ ನಮಗೆ ಸಿಗುವುದು ತೀರ್ಪು ಮಾತ್ರ. ಆ ವಾದಗಳೆಲ್ಲ ಮೇಜಿನ ಸುತ್ತಲೇ ಉಳಿದುಹೋದವು.

ಇನ್ನು ಹೊಸ ಬಗೆಯ ಕೋಶದ ಕಥೆ. 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಅಮೆರಿಕದ ಗಣಕತಜ್ಞರು, ಓದುವವರೇ ತಿದ್ದಬಹುದಾದ ಪುಟಗಳ ಏರ್ಪಾಡೊಂದನ್ನು ಮಾಡಿ ಅದಕ್ಕೆ ‘ವಿಕಿ’ ಎಂಬ ಹೆಸರಿಟ್ಟರು. ಹವಾಯಿ ಭಾಷೆಯಲ್ಲಿ ಅದಕ್ಕೆ ‘ಬೇಗ’ ಎಂದರ್ಥ. 2000ದಲ್ಲಿ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬಿಬ್ಬರು ತಜ್ಞರಿಂದಲೇ ಬರೆಯಿಸುವ ವಿಶ್ವಕೋಶವೊಂದಕ್ಕೆ ಕೈಹಾಕಿದರು. ಪ್ರತಿ ಲೇಖನವೂ ಏಳು ಹಂತಗಳ ಪರಿಶೀಲನೆಯನ್ನು ದಾಟಬೇಕಾಗಿತ್ತು. ವರ್ಷ ಕಳೆಯುವಾಗ ಮುಗಿದ ಲೇಖನಗಳು ಸುಮಾರು ಇಪ್ಪತ್ತು! ಬೇಸತ್ತು, 2001ರ ಜನವರಿ 15ರಂದು ‘ವಿಕಿ’ಯ ಕ್ರಮದಲ್ಲಿ ಬಾಗಿಲು ತೆರೆದರು, ವಿಕಿಪೀಡಿಯ ಹುಟ್ಟಿತು. 2003ರಲ್ಲಿ ಕನ್ನಡದ ಆವೃತ್ತಿ ಮೊದಲಾಯಿತು. ಆಗ ಅನೇಕ ಗಣಕಯಂತ್ರಗಳಲ್ಲಿ ಕನ್ನಡ ಅಕ್ಷರ ಮೂಡಿಸುವುದೇ ಒಂದು ತಪಸ್ಸು. ಒಂದು ಯಂತ್ರದಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಕಗ್ಗವಾಗಿ ಕಾಣುತ್ತಿತ್ತು. ಆ ಕಾಲದಲ್ಲಿ ಬೆರಳೆಣಿಕೆಯ ಉತ್ಸಾಹಿಗಳು ಹಾಕಿದ ಅಡಿಪಾಯದ ಮೇಲೆ ಇಂದು ಮೂವತ್ತು ಸಾವಿರಕ್ಕೂ ಮಿಕ್ಕಿ ಲೇಖನಗಳು ನಿಂತಿವೆ.

ಈ ಕೋಶದ ನಿಯಮಗಳಲ್ಲಿ ಮೂರು ಮುಖ್ಯ. ಪಕ್ಷಪಾತವಿಲ್ಲದೆ ಬರೆಯಬೇಕು, ಓದುಗರು ಪರೀಕ್ಷಿಸಿ ನೋಡಬಹುದಾದ ಆಧಾರ ಕೊಡಬೇಕು, ತನ್ನ ಸ್ವಂತ ಸಂಶೋಧನೆಯನ್ನು ಇಲ್ಲಿ ತುರುಕಬಾರದು. ಇದಕ್ಕಿಂತ ನನಗೆ ಸೋಜಿಗವೆನಿಸಿದುದು ಬೇರೆ. ಪ್ರತಿ ಲೇಖನದ ಬೆನ್ನಿಗೂ ‘ಚರ್ಚೆ’ ಎಂಬ ಒಂದು ಪುಟವಿದೆ, ‘ಇತಿಹಾಸ’ ಎಂಬ ಇನ್ನೊಂದು ಪುಟವಿದೆ. ಯಾರು, ಯಾವ ದಿನ, ಯಾವ ಮಾತನ್ನು ಸೇರಿಸಿದರು, ಯಾವುದನ್ನು ತೆಗೆದರು ಎಂಬುದೆಲ್ಲ ಅಲ್ಲಿ ದಾಖಲೆಯಾಗಿ ನಿಲ್ಲುತ್ತದೆ. ವಾದವು ಮೇಜಿನ ಸುತ್ತ ಕರಗಿಹೋಗುವುದಿಲ್ಲ.

ಇದರ ಬೆಲೆ ನನಗೆ ತಿಳಿದದ್ದು ಸ್ವಂತ ಪೆಟ್ಟಿನಿಂದ. ಒಂದು ಸಂಜೆ ನನ್ನ ಹಳೆಯ ಶಿಷ್ಯನೊಬ್ಬನ ನೆರವಿನಿಂದ ನಮ್ಮೂರ ವಿಷಯವಾಗಿ ನಾಲ್ಕು ಸಾಲು ಬರೆದೆ. ಹಿಂದೆ ಇಲ್ಲಿಯ ಕುಂಟೆಯಲ್ಲಿ ಹುಲಿ ನೀರು ಕುಡಿಯುತ್ತಿದ್ದುದರಿಂದ ಊರಿಗೆ ಹುಲಿಕುಂಟೆಯೆಂಬ ಹೆಸರು ಬಂದಿತೆಂದು ಸೇರಿಸಿದೆ. ಚಿಕ್ಕಂದಿನಲ್ಲಿ ಅಜ್ಜಿ ಹೇಳಿದ್ದ ಮಾತು. ಮರುದಿನ ಹುಡುಗ ಬಂದು, “ಸಾರ್, ನೀವು ಬರೆದದ್ದನ್ನ ಯಾರೋ ತೆಗೆದುಬಿಟ್ಟಿದಾರೆ” ಎಂದ. ಪಕ್ಕದಲ್ಲಿ ‘ಆಧಾರ ಬೇಕು’ ಎಂಬ ಎರಡೇ ಮಾತು. ಮೂವತ್ತು ವರ್ಷ ಕನ್ನಡ ಕಲಿಸಿದವನಿಗೆ ನನ್ನೂರಿನ ಹೆಸರಿನ ಅರ್ಥ ಹೇಳಲು ಆಧಾರ ಬೇಕೆ! ಮತ್ತೆ ಸೇರಿಸಿದೆ. ಅವರು ಮತ್ತೆ ತೆಗೆದರು.

ಆಮೇಲೆ ಆ ಮಹನೀಯರು ಚರ್ಚೆಯ ಪುಟದಲ್ಲಿ ಬರೆದರು: “ಮಾನ್ಯರೆ, ಹುಲಿಯೂ ಸರಿ, ನೀರಿನ ಕುಂಟೆಯೂ ಸರಿ. ಆದರೆ ಹೊಲದಲ್ಲಿ ಹೊಡೆಯುವುದೂ ಕುಂಟೆಯೇ ಅಲ್ಲವೆ? ಹುಲಿ ಅಲ್ಲಿ ನೀರು ಕುಡಿದದ್ದನ್ನು ಬರೆದಿಟ್ಟವರು ಯಾರು? ತಾವು ಹಿರಿಯರು, ಆಧಾರ ಸಿಕ್ಕಿದರೆ ದಯಮಾಡಿ ತಾವೇ ಸೇರಿಸಿ.” ಓದಿ ನನಗೆ ನಗು ಬಂದಿತು, ನಾಚಿಕೆಯೂ ಆಯಿತು. ಐತಿಹ್ಯ ಬೇರೆ, ಇತಿಹಾಸ ಬೇರೆ ಎಂದು ತರಗತಿಯಲ್ಲಿ ವರ್ಷವರ್ಷವೂ ಹೇಳುವವನು ನಾನೇ. ಅಜ್ಜಿಯ ಹುಲಿ ಲೇಖನದಿಂದ ಇಳಿದು ಚರ್ಚೆಯ ಪುಟದಲ್ಲಿ ಕುಳಿತಿತು. ಹೋಗಲಿಲ್ಲ, ಸ್ಥಾನ ಬದಲಾಯಿಸಿತು, ಅಷ್ಟೆ.

ಕೆಲವು ದಿನಗಳ ಮೇಲೆ ನನ್ನ ಸರದಿ ಬಂದಿತು. ಅದೇ ಮಹನೀಯರು ಸಿರಾದ ಚರಿತ್ರೆಯನ್ನು ಬರೆಯುತ್ತ, ಬಿಜಾಪುರದವರ ಆಳ್ವಿಕೆಯನ್ನೂ ಮೊಗಲರ ಆಳ್ವಿಕೆಯನ್ನೂ ಒಂದಾಗಿ ಕಲಸಿದ್ದರು. ಮೊಗಲರು 1687ರಲ್ಲಿ ಈ ಸೀಮೆಯನ್ನು ಹಿಡಿದ ಮೇಲೆ ಸಿರಾ ಅವರ ಸುಬೆಯ ಮುಖ್ಯಪಟ್ಟಣವಾಯಿತೆಂದು ಆಧಾರಸಹಿತ ತಿಳಿಸಿದೆ. ಒಡನೆಯೇ ತಿದ್ದಿಕೊಂಡು ವಂದನೆ ಹೇಳಿದರು. ಅವರ ಊರು ಯಾವುದೋ, ವಯಸ್ಸೆಷ್ಟೋ ನಾನು ಕೇಳಿಲ್ಲ. ಆದರೂ ಅವರು ನನ್ನ ಸ್ನೇಹಿತರು.

ನಮ್ಮ ನ್ಯಾಯಶಾಸ್ತ್ರದವರು ಚರ್ಚೆಯನ್ನು ಮೂರಾಗಿ ವಿಂಗಡಿಸಿದ್ದಾರೆ. ತತ್ತ್ವವನ್ನು ತಿಳಿಯಲೆಂದು ನಡೆಯುವುದು ವಾದ. ಗೆಲ್ಲಲೆಂದೇ ನಡೆಯುವುದು ಜಲ್ಪ. ತನ್ನದೊಂದು ಪಕ್ಷವಿಲ್ಲದೆ ಎದುರಿನವನದನ್ನು ಕೆಡವುವುದಕ್ಕೇ ನಡೆಯುವುದು ವಿತಂಡ. ಅಂತರಜಾಲದ ಕೋಶದಲ್ಲಿ ಈ ಮೂರೂ ಉಂಟು. ಒಬ್ಬರು ಹಾಕಿದ್ದನ್ನು ಒಬ್ಬರು ಅಳಿಸುತ್ತ ಕೂರುವ ಜಗಳಗಳು ಎಷ್ಟು ಹೆಚ್ಚಿದವೆಂದರೆ, ಒಂದೇ ಲೇಖನದಲ್ಲಿ ದಿನವೊಂದಕ್ಕೆ ಮೂರು ಸಲಕ್ಕಿಂತ ಹೆಚ್ಚಾಗಿ ಬೇರೆಯವರ ತಿದ್ದುಪಡಿಯನ್ನು ಹಿಂದಕ್ಕೆ ತಿರುಗಿಸಬಾರದೆಂದು ಇಂಗ್ಲಿಷ್ ಆವೃತ್ತಿಯಲ್ಲಿ ಕಟ್ಟಳೆಯನ್ನೇ ಮಾಡಬೇಕಾಯಿತು. ಜಲ್ಪವನ್ನು ವಾದಕ್ಕೆ ತರುವುದು ಇಂಥ ಕಟ್ಟಳೆ ಒಂದೇ ಅಲ್ಲ; ‘ತಾವೇ ಸೇರಿಸಿ’ ಎಂಬ ಒಂದು ಸೌಜನ್ಯದ ಮಾತೂ ಅದನ್ನು ತರುತ್ತದೆ.

ಹೆಸರುಗಳ ಜಗಳವನ್ನೇ ನೋಡಿ. ನಮ್ಮ ತಾಲ್ಲೂಕಿನ ಪಟ್ಟಣವನ್ನು ಕೆಲವರು ‘ಸಿರಾ’ ಎಂದೂ ಕೆಲವರು ‘ಶಿರಾ’ ಎಂದೂ ಬರೆಯುತ್ತಾರೆ. ಇಂದಿನ ಮಧುಗಿರಿ ಹಳೆಯ ಪುಸ್ತಕಗಳಲ್ಲಿ ‘ಮದ್ದಗಿರಿ’. ಹುಲಿಕುಂಟೆಯೆಂಬ ಊರು ದೊಡ್ಡಬಳ್ಳಾಪುರದ ಕಡೆಯೂ ಒಂದಿದೆ. ಒಂದನ್ನು ಉಳಿಸಿ ಒಂದನ್ನು ಅಳಿಸಿದರೆ, ಹಳೆಯ ಗ್ಯಾಸೆಟಿಯರು ಹಿಡಿದು ಬಂದ ವಿದ್ಯಾರ್ಥಿಗೆ ದಾರಿ ತಪ್ಪುತ್ತದೆ. ಆದ್ದರಿಂದ ಈ ಕೋಶದಲ್ಲಿ ಒಂದು ರೂಪವನ್ನು ತಲೆಬರೆಹವಾಗಿಸಿ, ಇನ್ನೊಂದನ್ನು ಹುಡುಕಿ ಬಂದವರನ್ನು ಅಲ್ಲಿಗೇ ಕಳುಹಿಸುವ ಏರ್ಪಾಡಿದೆ. ಒಂದೇ ಹೆಸರಿನ ಹಲವು ಊರುಗಳಿಗೆ ‘ದ್ವಂದ್ವ ನಿವಾರಣೆ’ಯ ಪುಟವಿದೆ. ಓಲೆಗರಿಯ ಗ್ರಂಥಗಳನ್ನು ಸಂಪಾದಿಸಿದ ನಮ್ಮ ಹಿರಿಯರು ಮಾಡಿದ್ದೂ ಇದನ್ನೇ. ತಮಗೆ ಸರಿಯೆಂದು ತೋರಿದ ಪಾಠವನ್ನು ಮೇಲೆ ಅಚ್ಚುಹಾಕಿಸಿ, ಒಪ್ಪದ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕಾದಿಟ್ಟರು. ಇಂದು ಅಡಿಯಲ್ಲಿದ್ದ ಪಾಠ ನಾಳೆ ಮೇಲಕ್ಕೆ ಬರಬಹುದೆಂಬ ವಿನಯ ಅವರಲ್ಲಿತ್ತು.

ಹಾಗೆ ಮೇಲಕ್ಕೆ ಬಂದದ್ದೂ ಉಂಟು. ‘ಕವಿರಾಜಮಾರ್ಗ’ವನ್ನು ಕೆ. ಬಿ. ಪಾಠಕರು 1898ರಲ್ಲಿ ಅಚ್ಚುಹಾಕಿಸಿದಾಗ ಅದು ನೃಪತುಂಗನ ಕೃತಿಯೆಂದೇ ಪ್ರಸಿದ್ಧವಾಯಿತು. ಬಳಿಕ ವಿದ್ವಾಂಸರು ಗ್ರಂಥದೊಳಗಿನ ಮಾತುಗಳನ್ನೇ ಹಿಡಿದು ವಾದಿಸಿ, ಅವನ ಸಭೆಯ ಶ್ರೀವಿಜಯನೇ ಕರ್ತೃವೆಂಬ ಪಕ್ಷವನ್ನು ಬಲಪಡಿಸಿದರು. ಈ ವಾದದಿಂದ ಗ್ರಂಥಕ್ಕೇನೂ ಕುಂದಾಗಲಿಲ್ಲ; ಅದನ್ನು ಅಕ್ಷರ ಅಕ್ಷರವಾಗಿ ಓದುವ ಅಭ್ಯಾಸ ನಮಗಾಯಿತು.

ಭಿನ್ನಾಭಿಪ್ರಾಯವಿಲ್ಲದೆ ಪುಟ ತುಂಬಿದರೆ ಏನಾಗುತ್ತದೆಂಬುದಕ್ಕೂ ಒಂದು ನಿದರ್ಶನವಿದೆ. 2009ರ ಸುಮಾರಿಗೆ ಗೂಗಲ್ ಸಂಸ್ಥೆಯು ಕನ್ನಡವೂ ಸೇರಿದಂತೆ ಭಾರತದ ಕೆಲವು ಭಾಷೆಗಳಿಗೆ ಇಂಗ್ಲಿಷ್ ಲೇಖನಗಳನ್ನು ಯಂತ್ರದ ನೆರವಿನಿಂದ ಭಾಷಾಂತರ ಮಾಡಿಸಿ ವಿಕಿಪೀಡಿಯಕ್ಕೆ ಸೇರಿಸತೊಡಗಿತು. ಕೂಲಿ ಪಡೆದ ಭಾಷಾಂತರಕಾರರು ಕೆಲಸ ಮುಗಿಸಿ ಹೋಗುತ್ತಿದ್ದರು; ಚರ್ಚೆಯ ಪುಟದಲ್ಲಿ ಕೇಳಿದರೆ ಉತ್ತರಿಸುವವರಿಲ್ಲ. ಬಂಗಾಳಿಯ ಸಂಪಾದಕರು ಒಪ್ಪದೆ ತಡೆದರು. ತಮಿಳಿನವರು ಮಾತುಕತೆ ನಡೆಸಿ ಗುಣವನ್ನು ಸುಧಾರಿಸಲು ಯತ್ನಿಸಿದರು. 2011ರಲ್ಲಿ ಆ ಕಾರ್ಯ ನಿಂತಿತು. ಲೇಖನಗಳ ಸಂಖ್ಯೆಯೇನೋ ಏರಿತ್ತು. ತಿದ್ದುವ ಹೊರೆ ಮಾತ್ರ ಹಿಂದೆ ಉಳಿದ ಸ್ವಯಂಸೇವಕರ ಪಾಲಿಗೆ ಬಂದಿತು. ತನ್ನ ಮಾತಿಗೆ ತಾನು ಉತ್ತರ ಕೊಡಲು ನಿಲ್ಲದವನ ಬರೆಹ ಎಷ್ಟಿದ್ದರೂ ಅನಾಥವೇ.

ಹಳೆಯ ಸಮಿತಿಗಳ ಕೆಲಸಕ್ಕೂ ಹೊಸ ಕಟ್ಟೆಯ ಕೆಲಸಕ್ಕೂ ಬೆಸುಗೆ ಬಿದ್ದುದು 2014ರಲ್ಲಿ. ಆ ವರ್ಷ ಮೈಸೂರು ವಿಶ್ವವಿದ್ಯಾನಿಲಯವು ತನ್ನ ವಿಶ್ವಕೋಶದ ಸಂಪುಟಗಳನ್ನು ಎಲ್ಲರೂ ಮುಕ್ತವಾಗಿ ಬಳಸುವಂತೆ ಬಿಟ್ಟುಕೊಟ್ಟಿತು. ಪಂಡಿತರು ಕೂಡಿಟ್ಟ ಧಾನ್ಯ ಊರ ಕಣಜಕ್ಕೆ ಬಂದಂತಾಯಿತು. 2016ರ ಆಗಸ್ಟಿನಲ್ಲಿ ತುಳು ಭಾಷೆಗೂ ತನ್ನದೇ ವಿಕಿಪೀಡಿಯ ದೊರೆಯಿತು.

ಕೊರತೆಗಳೂ ಇವೆ. ಕೋಟಿಗಟ್ಟಲೆ ಕನ್ನಡಿಗರಲ್ಲಿ ಸದಾ ಬರೆಯುವವರು ತೀರ ಕಡಮೆ. ವಾದಿಸುವವರು ಕಡಮೆಯಾದಲ್ಲಿ ತಪ್ಪು ನಿಶ್ಚಿಂತೆಯಿಂದ ನೆಲಸುತ್ತದೆ. ನಮ್ಮ ಪಾವಗಡವನ್ನು ಬಹುಕಾಲ ಬರಗಾಲದ ತಾಲ್ಲೂಕೆಂದೇ ಬರೆಯುತ್ತಿದ್ದರು. 2018ರಲ್ಲಿ ಅಲ್ಲಿ ಸುಮಾರು 13,000 ಎಕರೆಗಳ ಸೌರವಿದ್ಯುತ್ ಉದ್ಯಾನದ ಉದ್ಘಾಟನೆಯಾಯಿತು. ಬರವೂ ನಿಜ, ಬಿಸಿಲಿನ ಈ ಹೊಸ ಬೆಳೆಯೂ ನಿಜ. ಎರಡನ್ನೂ ಸರಿಯಾದ ತೂಕದಲ್ಲಿ ಬರೆಯಬೇಕಾದವರು, ಆ ಬಿಸಿಲನ್ನು ಉಂಡವರಲ್ಲದೆ ಇನ್ನಾರು?

ಪುಸ್ತಕವೊಂದರಲ್ಲಿ ತಪ್ಪು ಕಂಡರೆ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಸುಮ್ಮನಾಗುವ ಅಭ್ಯಾಸ ನಮ್ಮ ತಲೆಮಾರಿನವರದು. ಆ ಗುರುತು ನಮ್ಮ ಮನೆಯ ಕಪಾಟಿನಲ್ಲಿಯೇ ಉಳಿಯುತ್ತಿತ್ತು. ಈಗ ಆ ಅಂಚು ಎಲ್ಲರ ಕಣ್ಣಿಗೂ ಕಾಣುವಂತಿದೆ, ಎದುರು ಮಾತಾಡುವವರೂ ಇದ್ದಾರೆ. ಅವರು ನಮ್ಮ ಸಾಲನ್ನು ತೆಗೆದರೆ ಒಂದು ರಾತ್ರಿ ತಾಳಿಕೊಂಡು, ಬೆಳಗ್ಗೆ ಎದ್ದು ಆಧಾರ ಹುಡುಕೋಣ. ನಾನಂತೂ ಅಜ್ಜಿಯ ಹುಲಿಗೆ ಆಧಾರವನ್ನು ಇನ್ನೂ ಹುಡುಕುತ್ತಿದ್ದೇನೆ. ಸಿಕ್ಕಿದ ದಿನ ಮೊದಲು ತಿಳಿಸುವುದು, ಅದನ್ನು ಅಳಿಸಿದ ಆ ಸ್ನೇಹಿತರಿಗೇ.