‘ಫ್ರೆಂಡ್ಸ್’ ಲಂಡನ್‌ಗೆ ಹೋದಾಗ: ಒಂದು ನಗು ಬದಲಿಸಿದ ಕಥೆ

ಇವತ್ತು ಗೆಳೆಯರು ಗುಂಪಾಗಿ ಹೊರಟ ಒಂದು ಪ್ರವಾಸದ ಕಥೆ ಹೇಳ್ತೀನಿ. ಊರು ಲಂಡನ್, ವರ್ಷ 1998.

ಹೋದ ವಾರ ಮೊಬೈಲ್ ಗೋಡೆಗೆ ಒರಗಿಸಿಟ್ಟು ‘ಫ್ರೆಂಡ್ಸ್’ ನೋಡ್ತಿದ್ದೆ. ನಾಲ್ಕನೇ ಸೀಸನ್ನಿನ ಕೊನೆ, ರಾಸ್ ಮದುವೆಯ ಎಪಿಸೋಡ್. ತಂಗಿ ಬಂದು, ‘ಈ ಹಿಂದೆ ನಗೋದೆಲ್ಲ ಫೇಕ್ ಅಲ್ವಾ ಅಣ್ಣ?’ ಅಂದ್ಲು.

ಅವಳ ಅನುಮಾನಕ್ಕೆ ಕಾರಣ ಇದೆ. 1950ರ ದಶಕದಲ್ಲಿ ಚಾರ್ಲಿ ಡಗ್ಲಾಸ್ ಎಂಬ ಅಮೆರಿಕದ ಸೌಂಡ್ ಎಂಜಿನಿಯರ್ ನಗುವಿನ ಪೆಟ್ಟಿಗೆಯನ್ನೇ ತಯಾರಿಸಿದ. ಮೊದಲೇ ರೆಕಾರ್ಡ್ ಮಾಡಿದ ನಗು ಅದರಲ್ಲಿರ್ತಿತ್ತು. ಗುಂಡಿ ಒತ್ತಿದರೆ ಸಾಕು, ಬೇಕಾದಷ್ಟು ನಗು. ಎಷ್ಟೋ ಧಾರಾವಾಹಿಗಳು ಅದನ್ನು ಬಳಸಿದವು.

ಆದರೆ ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. 1951ರಲ್ಲಿ ಶುರುವಾದ ‘ಐ ಲವ್ ಲೂಸಿ’ ತಂಡ ಸ್ಟುಡಿಯೋದೊಳಗೇ ಪ್ರೇಕ್ಷಕರನ್ನು ಕೂರಿಸಿ, ನಾಟಕ ಆಡಿದ ಹಾಗೆ ನಟಿಸಿ, ಹಲವು ಫಿಲ್ಮ್ ಕ್ಯಾಮೆರಾಗಳಿಂದ ಒಟ್ಟಿಗೇ ಚಿತ್ರೀಕರಿಸಿತು. ಜನ ನಕ್ಕರೆ ನಟರು ಒಂದು ಕ್ಷಣ ಕಾಯ್ತಿದ್ರು. ಗೆಳೆಯರನ್ನು ಪ್ರವಾಸಕ್ಕೆ ಕಳಿಸೋ ಐಡಿಯಾನೂ ಅವರಲ್ಲಿತ್ತು. ಲೂಸಿ ದಂಪತಿ ಮತ್ತು ಅವರ ಗೆಳೆಯರಾದ ಮರ್ಟ್ಜ್ ದಂಪತಿ 1955ರಲ್ಲಿ ಕಾರಲ್ಲಿ ಹಾಲಿವುಡ್‌ಗೆ ಹೋದರು. 1956ರಲ್ಲಿ ಲಂಡನ್‌ಗೂ ಹೋದರು. ಕಥೆಯಲ್ಲಿ ಮಾತ್ರ! ಶೂಟಿಂಗ್ ನಡೆದದ್ದು ಹಾಲಿವುಡ್ ಸೆಟ್‌ನಲ್ಲೇ.

‘ಫ್ರೆಂಡ್ಸ್’ ತಂಡ ನಿಜವಾಗಿಯೂ ವಿಮಾನ ಹತ್ತಿತು. ಸಾಮಾನ್ಯವಾಗಿ ಅವರ ಶೂಟಿಂಗ್ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ನಡೀತಿತ್ತು. ಈ ಸಲ ಲಂಡನ್ನಿನ ಬೀದಿಗಳು, ಜೊತೆಗೆ ವೆಂಬ್ಲಿಯ ಫೌಂಟನ್ ಸ್ಟುಡಿಯೋ. ಫೀಬಿ ಮಾತ್ರ ನ್ಯೂಯಾರ್ಕ್‌ನಲ್ಲೇ ಉಳಿದಳು. ಕಥೆಯಲ್ಲಿ ಅವಳು ಗರ್ಭಿಣಿ. ಆ ಪಾತ್ರ ಮಾಡಿದ ಲೀಸಾ ಕುಡ್ರೋ ಕೂಡ ಆಗ ನಿಜವಾಗಿಯೇ ಗರ್ಭಿಣಿ.

ಉಳಿದವರ ಪ್ರವಾಸ ನಮ್ಮ ನಿಮ್ಮ ಟ್ರಿಪ್ ಥರಾನೇ ಇದೆ. ಜೋಯಿ ದಾರಿ ಹುಡುಕೋಕೆ ಮ್ಯಾಪನ್ನು ನೆಲಕ್ಕೆ ಹಾಸಿ ಅದರ ಮೇಲೇ ನಿಲ್ತಾನೆ. ಚಾಂಡ್ಲರ್‌ಗೆ ನಾಚಿಕೆಯಾಗುತ್ತೆ, ಇಬ್ಬರಿಗೂ ಮುನಿಸು. ಆಮೇಲೆ ಜೋಯಿ ಹೋಟೆಲ್ ರೂಮಲ್ಲಿ ‘ಚಿಯರ್ಸ್’ ಅನ್ನೋ ಹಳೇ ಅಮೆರಿಕನ್ ಕಾಮಿಡಿ ನೋಡಿ, ಮನೆ ನೆನಪಾಗಿ ಸಪ್ಪಗಾಗ್ತಾನೆ. ಮದುವೆಯ ಹಿಂದಿನ ದಿನದ ಊಟದಲ್ಲಿ ಯಾರೋ ಮೋನಿಕಾಳನ್ನು ರಾಸ್‌ನ ಅಮ್ಮ ಅಂದ್ಕೋತಾರೆ. ಅವಳು ರಾಸ್‌ನ ತಂಗಿ! ಪಾಪ, ಅವಳ ಮನಸ್ಸು ಮುರಿಯುತ್ತೆ.

ಮರುದಿನ ಬೆಳಗ್ಗೆ ರಾಸ್ ಖುಷಿಯಿಂದ ಚಾಂಡ್ಲರ್ ರೂಮಿಗೆ ನುಗ್ಗಿ, ಮಾತಾಡಿ ಹೊರಟುಹೋಗ್ತಾನೆ. ಆಗ ಚಾಂಡ್ಲರ್ ಪಕ್ಕದ ಹೊದಿಕೆಯೊಳಗಿಂದ ಮೋನಿಕಾ ತಲೆ ಹೊರಗೆ ಬರುತ್ತೆ.

ವೆಂಬ್ಲಿಯಲ್ಲಿ ಕೂತಿದ್ದ ಪ್ರೇಕ್ಷಕರು ಇದನ್ನು ನಿರೀಕ್ಷಿಸಿರಲಿಲ್ಲ. ಕಿರುಚಿದರು, ನಕ್ಕರು, ಚಪ್ಪಾಳೆ ತಟ್ಟಿದರು. ಗದ್ದಲ ತಣ್ಣಗಾಗೋವರೆಗೆ ನಟರು ಕಾಯಬೇಕಾಯಿತು. ಮೋನಿಕಾ-ಚಾಂಡ್ಲರ್ ವಿಷಯವನ್ನು ಬರಹಗಾರರು ಸ್ವಲ್ಪ ದಿನದ ತಮಾಷೆ ಅಂತ ಯೋಚಿಸಿದ್ದರು. ಆ ಸದ್ದು ಕೇಳಿದ ಮೇಲೆ ಲೆಕ್ಕಾಚಾರವೇ ಬದಲಾಯಿತು ಅಂತ ತಂಡದವರೇ ಆಮೇಲೆ ಹೇಳಿಕೊಂಡಿದ್ದಾರೆ.

ಈ ಎಪಿಸೋಡ್ ಅಮೆರಿಕದಲ್ಲಿ ಪ್ರಸಾರವಾಗಿದ್ದು 1998ರ ಮೇ 7ರಂದು. ಮಂಟಪದಲ್ಲಿ ರಾಸ್ ವಧುವಿನ ಹೆಸರು ತಪ್ಪಿ ‘ರೇಚಲ್’ ಅಂದಿದ್ದೇ ಆಗ ದೊಡ್ಡ ಸುದ್ದಿ. ಆದರೆ ಆರು ವರ್ಷ ಕಥೆಯನ್ನು ಹೊತ್ತು ನಡೆದದ್ದು ಹೋಟೆಲ್ ರೂಮಿನ ಜೋಡಿ. 2001ರಲ್ಲಿ ಅವರ ಮದುವೆ, 2004ರ ಕೊನೇ ಎಪಿಸೋಡ್‌ನಲ್ಲಿ ಅವಳಿ ಮಕ್ಕಳು. ಜೋಕು ಹೇಳಿ ಪ್ರೀತಿಯಿಂದ ತಪ್ಪಿಸಿಕೊಳ್ಳುತ್ತಿದ್ದ ಚಾಂಡ್ಲರ್, ಒಳ್ಳೇ ಗಂಡನಾಗಿ ಬೆಳೆದ. 2023ರಲ್ಲಿ ಮ್ಯಾಥ್ಯೂ ಪೆರ್ರಿ ತೀರಿಕೊಂಡಾಗ ನನಗೆ ಮೊದಲು ನೆನಪಾದದ್ದೂ ಆ ಚಾಂಡ್ಲರೇ.

ತಂಗಿಗೆ ಇಷ್ಟೂ ಹೇಳಿದೆ. ಎಡಿಟಿಂಗ್‌ನಲ್ಲಿ ನಗುವನ್ನು ಕತ್ತರಿಸೋದು, ಹೊಂದಿಸೋದು ಇದ್ದೇ ಇರುತ್ತೆ. ಆದರೂ ಆ ರೂಮಿನ ಸೀನ್‌ನಲ್ಲಿ ಕೇಳೋದು 1998ರಲ್ಲಿ ವೆಂಬ್ಲಿಗೆ ಬಂದಿದ್ದ, ಹೆಸರೂ ಗೊತ್ತಿಲ್ಲದ ಜನರ ನಗು. ಅವರ ಪಾಲಿಗೆ ಅದು ಒಂದು ಸಂಜೆ, ಮುಗಿಸಿ ಮನೆಗೆ ಹೋದರು. ಆದರೆ ಅವರು ನಕ್ಕಿದ್ದಕ್ಕೆ ಒಂದು ಕಥೆ ದಿಕ್ಕು ಬದಲಿಸಿತು.

ಇವತ್ತು ನಾವು ಒಬ್ಬೊಬ್ಬರೇ ಮೊಬೈಲ್ ಮುಂದೆ ನಗ್ತೀವಿ. ಎಲ್ಲಿ ನಿಲ್ಲಿಸಿದ್ವಿ, ಎಷ್ಟು ನೋಡಿದ್ವಿ ಅಂತ ಆ್ಯಪ್‌ಗೆ ಗೊತ್ತಾಗುತ್ತೆ. ನಾವು ನಕ್ಕಿದ್ದು ಮಾತ್ರ ನಟರ ಕಿವಿಗೆ ಬೀಳಲ್ಲ.

ತಂಗಿ ಆ ಸೀನ್ ಮತ್ತೆ ಹಾಕು ಅಂದ್ಲು. ಈ ಸಲ ಕಣ್ಣು ಮುಚ್ಚಿ, ಬರೀ ನಗು ಕೇಳಿಸಿಕೊಂಡಳು. ನೀವೂ ಹಾಗೇ ಮಾಡಿ ನೋಡಿ. ಮುಂದಿನ ವಾರ ಸಿಗೋಣ.